ಹೆಗ್ಗೆಣಸಿನ ಕೇಕು

ನವೆಂಬರ್ 24, ಸೋಮವಾರ

ಬಲಗೈಗೆ ಬಲ ಬರಬೇಕಾದರೆ ದಿನಕ್ಕೊಂದು ಪುಟ ಬರೆಯಬೇಕಂತೆ. ಚಾಮರಾಜನಗರದಲ್ಲಿ ನನಗೆ ಕೈಯ ವ್ಯಾಯಾಮ ಹೇಳಿಕೊಡುವ ಶಶಿಕುಮಾರ ಈ ನೋಟ್‌ಬುಕ್ಕನ್ನು ತಾನೇ ಕೊಂಡು ಕೊಟ್ಟ. "ಏನು ಬರೀಲಿ?" ಅಂದೆ. "ಏನಾದ್ರೂ ಬರೀರಿ ಸಾರ್, ಯಾರೂ ಓದಲ್ಲ" ಅಂದ.

ಹಾಗಾದರೆ ಬರೆಯುತ್ತೇನೆ. ನಾನು ಮಹಮ್ಮದ್ ಇಸ್ಮಾಯಿಲ್, ವಯಸ್ಸು ಅರವತ್ತಮೂರು, ಗುಂಡ್ಲುಪೇಟೆಯಲ್ಲಿ ಬೇಕರಿ. ಮನೆಯಲ್ಲಿ ಮಾತು ಉರ್ದು, ಬರೆಯಲು ಬರುವುದು ಕನ್ನಡ ಮಾತ್ರ. ಸ್ಕೂಲಿನಲ್ಲಿ ದುಂಡಗಿನ ಅಕ್ಷರಕ್ಕೆ ಎರಡು ಸಲ ಬಹುಮಾನ ಬಂದಿತ್ತು. ಈಗ ಬರೆದದ್ದೆಲ್ಲ ಕಾಗೆಕಾಲು ಗುಬ್ಬಿಕಾಲು.

ಅಕ್ಟೋಬರಿನಲ್ಲಿ ಭಟ್ಟಿಯ ಮುಂದೆ ನಿಂತಿದ್ದಾಗಲೇ ಲಕ್ವ ಹೊಡೆಯಿತು. ಬಾಯಿ ಸರಿಹೋಯಿತು, ಕಾಲು ಸರಿಹೋಯಿತು, ಕೈಯೊಂದು ಬಾಕಿ. ಯುಗಾದಿ ಹೊತ್ತಿಗೆ ಕ್ರೀಮಿನ ಕೋನು ಹಿಡಿದು ಕೇಕಿನ ಮೇಲೆ ಗುಲಾಬಿ ಬಿಡಿಸುತ್ತೇನೆ, ಅದರಲ್ಲಿ ಅನುಮಾನವಿಲ್ಲ. ಅಲ್ಲಿಯವರೆಗೆ ಭಟ್ಟಿ ತಣ್ಣಗಿರುತ್ತದೆ. ಕೆಲಸದವರಿಬ್ಬರೂ ಮೈಸೂರಿಗೆ ಹೋದರು. ಮಗ ಫೈಸಲ್ ಬೆಳಿಗ್ಗೆ ವ್ಯಾನಿನಲ್ಲಿ ಬರುವ ಬ್ರೆಡ್ಡು ಬನ್ನು ಇಟ್ಟು ಮಾರುತ್ತಾನೆ. ಮೂವತ್ತೆಂಟು ವರ್ಷ ನಾನೇ ಬೇಯಿಸಿದ ಅಂಗಡಿಯಲ್ಲಿ ಈಗ ಪ್ಲಾಸ್ಟಿಕ್ ಚೀಲದ ಬನ್ನು.

ಇರಲಿ. ನಾಲ್ಕು ತಿಂಗಳು.

ನವೆಂಬರ್ 28, ಶುಕ್ರವಾರ

ಯಾರೂ ಓದುವುದಿಲ್ಲವಾದ್ದರಿಂದ ಮನೆಯ ವಿಷಯವನ್ನೂ ಬರೆಯಬಹುದು.

ಫೈಸಲ್ ದೋಹಾದಲ್ಲಿ ಒಂದು ಹೋಟೆಲಿನ ಡ್ರೈವರ್ ಆಗಿದ್ದ. ಅದೇ ಹೋಟೆಲಿನ ಬೇಕರಿಯಲ್ಲಿದ್ದ ಫಿಲಿಪೀನ್ಸ್ ಹುಡುಗಿಯನ್ನು ಐದು ವರ್ಷದ ಹಿಂದೆ ನಿಕಾಹ್ ಮಾಡಿಕೊಂಡ. ನಮ್ಮನ್ನು ಕೇಳಲಿಲ್ಲ, ಫೋಟೋ ಕಳಿಸಿದ. ನನಗೆ ಲಕ್ವ ಹೊಡೆದ ಸುದ್ದಿ ಕೇಳಿ ಹೆಂಡತಿ, ಮಗಳ ಜೊತೆ ಬಂದಿದ್ದಾನೆ. ಮಗಳು ಫಾಯಿಜಾ, ನಾಲ್ಕು ವರ್ಷ, ಮನೆಗೆ ಬಂದ ಬೆಳಕು. ಫೈಸಲ್‌ನ ಹೆಂಡತಿಯ ಹೆಸರು ನೊರೈದಾ. ಅವಳ ಜೊತೆ ನಾನು ಮಾತಾಡುವುದಿಲ್ಲ. ಜಗಳವೇನಿಲ್ಲ. ಏನಾದರೂ ಹೇಳಬೇಕಾದರೆ ಫೈಸಲ್‌ಗೆ ಹೇಳುತ್ತೇನೆ, ಅವನಿಲ್ಲದಿದ್ದರೆ ಫಾಯಿಜಾಗೆ.

ಮದುವೆಗೋಸ್ಕರ ಮುಸಲ್ಮಾನಳಾದವಳು ಅಂದುಕೊಂಡಿದ್ದೆ. ಇವತ್ತು ಬೆಳಗಿನ ನಮಾಜಿನ ನಂತರ ಒಳಕೋಣೆಯಿಂದ ಕುರಾನ್ ಓದುವ ದನಿ ಕೇಳಿತು. ಒಂದು ಅಕ್ಷರ ಜಾರಲಿಲ್ಲ. ನನ್ನ ಹೆಂಡತಿ ಹಫೀಜಾಳನ್ನು ಕೇಳಿದರೆ, "ಅವರ ಊರಲ್ಲಿ ಮುತ್ತಾತನ ಕಾಲದಿಂದ ಮುಸಲ್ಮಾನರೇ. ಅವಳ ತಂದೆ ಮದರಸಾದಲ್ಲಿ ಓದಿಸ್ತಿದ್ದರಂತೆ. ನೀವು ಐದು ವರ್ಷದಲ್ಲಿ ಒಂದು ಸಲ ಕೇಳಿದ್ರಾ?" ಅಂದಳು.

ಕೇಳಿರಲಿಲ್ಲ.

ಡಿಸೆಂಬರ್ 2, ಮಂಗಳವಾರ

ಭಟ್ಟಿ ಹಚ್ಚಲೇ ಅಂತ ಫೈಸಲ್‌ನ ಹೆಂಡತಿ ಹಫೀಜಾಳ ಮೂಲಕ ಕೇಳಿಸಿದಳು. ಬೇಡ ಅಂದೆ. ಅದು ಸ್ವಿಚ್ ಒತ್ತಿದರೆ ಕಾಯುವ ಪೆಟ್ಟಿಗೆಯಲ್ಲ, ಸೌದೆಯ ಭಟ್ಟಿ.

ದೋಹಾದ ಹೋಟೆಲಿನವರು ಅವಳನ್ನು ವಾಪಸು ಕರೆದಿದ್ದಾರಂತೆ, ಫೆಬ್ರವರಿಯಿಂದ ಎರಡು ವರ್ಷಕ್ಕೆ. ಒಪ್ಪಿಗೆಯನ್ನು ಜನವರಿ ಮೂವತ್ತೊಂದರೊಳಗೆ ತಿಳಿಸಬೇಕು. ಫೈಸಲ್‌ಗೆ ಅಲ್ಲಿ ಕೆಲಸವಿಲ್ಲ. ಅವನು, ಮಗು ಇಲ್ಲೇ. ಅವಳೊಬ್ಬಳೇ ಹೋಗುವುದು. ಒಳ್ಳೆಯದು, ಹೋಗಲಿ.

ಡಿಸೆಂಬರ್ 6, ಶನಿವಾರ

ಉಡಿಗಾಲದ ಪುಟ್ಟಮಲ್ಲಪ್ಪನವರು ನೆಂಟರನ್ನು ಗೋಪಾಲಸ್ವಾಮಿ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತಾ ನನ್ನನ್ನು ನೋಡಲು ಬಂದರು. ಮೂವತ್ತು ವರ್ಷದ ಸ್ನೇಹ. ಅವರ ಮನೆಯ ಪ್ರತಿ ಮಗುವಿನ ಹುಟ್ಟುಹಬ್ಬಕ್ಕೂ ಮೊಟ್ಟೆಯಿಲ್ಲದ ಕೇಕು ನನ್ನದೇ. ಲಿಂಗಾಯತರು, ಮೊಟ್ಟೆ ಸೋಕಿದ ಪಾತ್ರೆಯನ್ನೂ ಮುಟ್ಟುವುದಿಲ್ಲ. ಅವರಿಗೆಂದೇ ನಾನು ಬೇರೆ ಪಾತ್ರೆ, ಬೇರೆ ಅಚ್ಚು ಇಟ್ಟಿದ್ದೇನೆ.

"ಏನ್ ಸಾಬ್ರೇ, ಮಲಗೇ ಬುಟ್ರಾ?" ಅಂದರು.

"ಯುಗಾದಿಗೆ ಎದ್ದು ಕೇಕ್ ಮಾಡ್ತೀನಿ, ನೋಡ್ತಿರಿ."

ಒಂದು ಚೀಲ ಇಳಿಸಿದರು. ಒಳಗೆ ಹೆಗ್ಗೆಣಸು. ಒಂದೊಂದೂ ಮಗುವಿನ ತಲೆಗಿಂತ ದಪ್ಪ, ಮೈತುಂಬ ಮಣ್ಣು. "ಕೇರಳದ ಬತ್ತೇರಿ ಕಡೆಯಿಂದ ತಂದು ನಾಕೈದ್ ವರ್ಸ ಆಯ್ತು ಈ ಗೆಡ್ಡೆ. ಅಲ್ಲಿ ಕಾಚಿಲ್ ಅಂತಾರೆ. ಅರಿಸ್ನದ ಒಲದ ಬದೀಲಿ ನೆಟ್ಟಿದ್ದೆ, ಬಳ್ಳಿ ಬೇಲಿಯೆಲ್ಲಾ ಅಬ್ಬುಬುಡ್ತು. ಬೇಯ್ಸಿ ಉಪ್ಪು ಖಾರ ಆಕಂಡು ತಿನ್ನಿ."

ಫೈಸಲ್‌ನ ಹೆಂಡತಿ ಟೀ ತಂದವಳು ಚೀಲ ನೋಡಿ ನಿಂತಳು. ಒಂದು ಗೆಣಸನ್ನು ಎತ್ತಿ ಮೂಸಿದಳು. ಒಳಗೆ ಓಡಿ ಚಾಕು ತಂದು ಅಲ್ಲೇ ನೆಲದ ಮೇಲೆ ಕೂತು ಕೊಯ್ದಳು. ಒಳಗೆಲ್ಲ ನೇರಳೆ, ನೇರಳೆಹಣ್ಣು ತಿಂದ ನಾಲಿಗೆಯ ಬಣ್ಣ.

"ಉಬೆ!" ಅಂದಳು. ಆಮೇಲೆ ಎರಡೂ ಕಣ್ಣಲ್ಲಿ ನೀರು.

ಪುಟ್ಟಮಲ್ಲಪ್ಪನವರಿಗೆ ಗಾಬರಿ. "ಇದ್ಯಾಕ್ ಸಾಬ್ರೇ, ನಿಮ್ ಸೊಸೆ ಗೆಣ್ಸ್ ನೋಡಿ ಅಳ್ತಾವಳಲ್ಲಾ? ಯಾಕ್ ಕಣಮ್ಮಿ, ನಾನೇನ್ ಅಂದೆ?"

ಅವರ ದೇಶದಲ್ಲಿ ಇದನ್ನು ಉಬೆ ಅನ್ನುತ್ತಾರೆ, ಹಬ್ಬ ಹುಟ್ಟುಹಬ್ಬಕ್ಕೆಲ್ಲ ಇದರ ಕೇಕು ಇರಲೇಬೇಕು ಅಂತ ಫೈಸಲ್ ಬಿಡಿಸಿ ಹೇಳಿದ. ಏಳು ವರ್ಷದಿಂದ ಅವಳು ಹಸಿ ಉಬೆಯನ್ನು ಮುಟ್ಟಿರಲಿಲ್ಲವಂತೆ. ಹೋಟೆಲಿಗೆ ಅದು ಪುಡಿಯಾಗಿ ಡಬ್ಬಿಯಲ್ಲಿ ಬರುತ್ತಿತ್ತು.

ಗೆಣಸಿನಲ್ಲಿ ಕೇಕಂತೆ!

ಡಿಸೆಂಬರ್ 10, ಬುಧವಾರ

ಮಧ್ಯಾಹ್ನವೆಲ್ಲ ಅಡುಗೆಮನೆಯಲ್ಲಿ ಸೌಟಿನ ಸದ್ದು. ಗೆಣಸನ್ನು ಬೇಯಿಸಿ, ತುರಿದು, ತೆಂಗಿನಹಾಲು, ಡಬ್ಬಿಯ ಗಟ್ಟಿಹಾಲು, ಬೆಣ್ಣೆ ಹಾಕಿ ಫೈಸಲ್‌ನ ಹೆಂಡತಿ ಒಂದು ಗಂಟೆ ತಿರುವಿದಳು. ಕೇಕಿಗೆ ಮೊದಲು ಇದು ಆಗಬೇಕಂತೆ. ಹೆಸರು ಹಲಾಯ. ನನಗೆ ಬೇಡ ಅಂದೆ. ಫಾಯಿಜಾ ಚಮಚ ಬಾಯಿಗೇ ತುರುಕಿದಳು.

ನಮ್ಮ ಹಲ್ವದ ಹಾಗಿದೆ, ಆದರೆ ಹಲ್ವ ಅಲ್ಲ. ಅಷ್ಟು ಸಿಹಿಯಿಲ್ಲ. ಕೊನೆಯಲ್ಲಿ ಬಾದಾಮಿಯಂಥ ಒಂದು ರುಚಿ ಬರುತ್ತದೆ. ತಪ್ಪೇನಿಲ್ಲ.

ಎರಡನೇ ಬಟ್ಟಲು ನಾನೇ ಹಾಕಿಕೊಂಡೆ.

ಡಿಸೆಂಬರ್ 13, ಶನಿವಾರ

ಚಾಮರಾಜನಗರಕ್ಕೆ ಹೋಗಿದ್ದೆ. ಶಶಿಕುಮಾರ ಕೈ ನೋಡಿ ಏನೋ ಹೇಳಿದ. ಬರೆಯುವಂಥದ್ದಲ್ಲ.

ವಾಪಸು ಬಂದು ಬಸ್ಸಿಳಿದರೆ ಅಂಗಡಿಯ ಹಿಂದಿನ ಚಿಮಣಿಯಲ್ಲಿ ಹೊಗೆ! ನನ್ನ ಭಟ್ಟಿಗೆ ಬೆಂಕಿ. ಒಳಗೆ ಹೋದಾಗ ಫೈಸಲ್‌ನ ಹೆಂಡತಿ ಅಚ್ಚನ್ನು ಹೊರಗೆ ತೆಗೆದಿದ್ದಳು. ಮೇಲೆ ಇದ್ದಿಲು, ನಡುವೆ ಹಳ್ಳ. ಹನ್ನೆರಡು ಮೊಟ್ಟೆಯ ಕೇಕು. ಬೈಯಬೇಕೆಂದು ಬಾಯಿ ತೆರೆದವನಿಗೆ ನಗು ಬಂತು. ನಾನೂ ಮೊದಲ ವಾರ ಹೀಗೇ ಸುಟ್ಟಿದ್ದೆ.

"ಫಾಯಿಜಾ, ನಿಮ್ಮಮ್ಮನಿಗೆ ಹೇಳು," ಅಂದೆ. "ಕೆಂಡ ಎಲ್ಲ ಎಳೆದು ಹಾಕಿ, ಒದ್ದೆ ಗೋಣಿಯಿಂದ ನೆಲ ಒರೆಸಿ, ಅರ್ಧ ಗಂಟೆ ಬಾಗಿಲು ಮುಚ್ಚಿಡಬೇಕು. ಆಮೇಲೆ ಒಂದು ಚಿಟಿಕೆ ಮೈದಾ ಎಸೆಯಬೇಕು. ಕಪ್ಪಾದರೆ ಕಾಯಬೇಕು, ನಿಧಾನ ಕೆಂಪಾದರೆ ಅಚ್ಚು ಇಡಬೇಕು."

ಮಗು ಅದರಲ್ಲಿ ಕಾಲುಭಾಗವನ್ನೂ ಹೇಳಲಿಲ್ಲ. ಅವಳು ಮಾತ್ರ ಗೋಡೆಯ ಕ್ಯಾಲೆಂಡರಿನ ಹಿಂದೆ ಎಲ್ಲವನ್ನೂ ಬರೆದುಕೊಂಡಳು. ದೋಹಾದಲ್ಲಿ ನಮ್ಮ ಕಡೆಯವರ ಜೊತೆ ದುಡಿದವಳಿಗೆ ಉರ್ದು ಚೆನ್ನಾಗಿಯೇ ಅರ್ಥವಾಗುತ್ತದೆ.

ಡಿಸೆಂಬರ್ 19, ಶುಕ್ರವಾರ

ನಾನು ಭಟ್ಟಿಯ ಹತ್ತಿರ ಕುರ್ಚಿ ಹಾಕಿಸಿಕೊಂಡಿದ್ದೇನೆ. ಚಳಿಗೆ ಬೆಚ್ಚಗಿರುತ್ತದೆ ಅಂತ, ಬೇರೇನಿಲ್ಲ.

ನೊರೈದಾ ಮೊಟ್ಟೆಯ ಬಿಳಿಯನ್ನು ಬೇರೆ ಮಾಡಿ ಬಡಿಯುತ್ತಾಳೆ, ಪಾತ್ರೆ ಬೋರಲು ಹಾಕಿದರೂ ಬೀಳದ ಹಾಗೆ. ಬೆಣ್ಣೆಯ ಬದಲು ಎಣ್ಣೆ. ಸೋಡಾ ಹಾಕುವುದೇ ಇಲ್ಲ! ನೊರೆ ನಂಬಿ ಕೇಕು ಏಳುತ್ತದೆಯೇ? ಅವಳು ನೀರು ತರಲು ಹೋದಾಗ ಎಡಗೈಯಲ್ಲೇ ಒಂದು ಚಮಚ ಸೋಡಾ ಹಿಟ್ಟಿಗೆ ಹಾಕಿ ತಿರುವಿದೆ. ಅವಳ ಒಳ್ಳೆಯದಕ್ಕೇ.

ಕೇಕು ಚೆನ್ನಾಗಿ ಎದ್ದಿತು. ಕೊಯ್ದರೆ ಒಳಗೆ ಹಸಿರು. ಪಾಚಿಯ ಹಸಿರು.

ಅವಳು ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ಅದನ್ನೇ ನೋಡಿದಳು. "ಇಲ್ಲಿನ ಮಣ್ಣು ಬೇರೆ," ಅಂತ ಫೈಸಲ್‌ಗೆ ಹೇಳಿದಳು. "ಗೆಣಸು ನೋಡೋಕೆ ಮಾತ್ರ ನಮ್ಮದರ ಥರ. ಇಲ್ಲಿ ಆಗಲ್ಲ. ಹೋಟೆಲಿಗೆ ಬರ್ತೀನಿ ಅಂತ ಬರೆದುಬಿಡ್ತೀನಿ."

ನಾನು ನಮಾಜಿಗೆ ಹೊತ್ತಾಯಿತೆಂದು ಎದ್ದು ಹೋದೆ.

ಡಿಸೆಂಬರ್ 20

ಊಟ ಸೇರಲಿಲ್ಲ. ಪಿತ್ತ ಇರಬೇಕು.

ಡಿಸೆಂಬರ್ 22, ಸೋಮವಾರ

ಹೇಳಿದೆ.

ಅಡುಗೆಮನೆಯ ಬಾಗಿಲಲ್ಲಿ ನಿಂತು, "ಸೋಡಾ ಹಾಕಿದ್ದು ನಾನು," ಅಂದೆ. ಫೈಸಲ್ ಇರಲಿಲ್ಲ, ಫಾಯಿಜಾ ಇರಲಿಲ್ಲ, ಅವಳಿಗೇ ಹೇಳಬೇಕಾಯಿತು.

ಅವಳು ತಿರುಗಿ ನೋಡಿದಳು. ಬೈಯಲಿಲ್ಲ. "ಎಷ್ಟು?" ಅಂದಳು.

"ಒಂದು ಚಮಚ."

"ಸೋಡಾ ಬಿದ್ದರೆ ಉಬೆ ಹಸಿರಾಗುತ್ತೆ, ಅಬ್ಬಾ. ಹುಳಿ ಬಿದ್ದರೆ ಬಣ್ಣ ನಿಲ್ಲುತ್ತೆ. ಮಣ್ಣಿನ ತಪ್ಪಲ್ಲ ಹಾಗಾದರೆ!" ಮುಖ ಎಷ್ಟು ಅರಳಿತೆಂದರೆ, ತಪ್ಪು ಮಾಡಿದವನು ನಾನೆಂಬುದೇ ಅವಳಿಗೆ ಮರೆತ ಹಾಗಿತ್ತು. ಮರೆತಿರಲಿಲ್ಲ. ಸೋಡಾದ ಡಬ್ಬಿಯನ್ನು ತೆಗೆದುಕೊಂಡು ಹೋಗಿ ಅಟ್ಟದ ಮೇಲಿಟ್ಟು ಬಂದಳು.

ಜನವರಿ 1, ಗುರುವಾರ

ಆಯಿತು! ಬೆಂಕಿ ನಾನು ನೋಡಿದೆ, ಉಳಿದದ್ದೆಲ್ಲ ನೊರೈದಾ.

ಮೂರು ಪದರ. ಹತ್ತಿಯಷ್ಟು ಹಗುರ. ಪದರಗಳ ನಡುವೆ ಹಲಾಯ, ಸುತ್ತ ಕ್ರೀಮು, ಮೇಲೆ ತೆಂಗಿನತುರಿ. ಕೊಯ್ದಾಗ ಒಳಗಿನ ನೇರಳೆ ನೋಡಿ ಬನ್ನು ಕೊಳ್ಳಲು ಬಂದವರೆಲ್ಲ ನಿಂತರು. ಬಣ್ಣ ಹಾಕಿದ್ದೀರಾ ಅಂತ ಒಬ್ಬ ಕೇಳಿದ. "ಗೆಣಸಿನದೇ ಬಣ್ಣ ಕಣಯ್ಯ, ಬಣ್ಣ ಹಾಕೋ ಅಂಗಡಿ ಬೇರೆ ಕಡೆ ಇದೆ," ಅಂದೆ. ಸುಲ್ತಾನ್ ಬತ್ತೇರಿಯ ಲಾರಿ ಡ್ರೈವರ್ ಒಬ್ಬ ಎರಡು ತುಂಡು ತಿಂದು, "ಕಾಚಿಲಾ ಇದು? ಕಾಚಿಲಾ?" ಅಂತ ಮೂರು ಸಲ ಕೇಳಿದ. ಹನ್ನೆರಡು ಗಂಟೆಗೆ ತಟ್ಟೆ ಖಾಲಿ.

ಚಹಾ ಅಂಗಡಿಯ ಶಿವರಾಮು, "ಯಾರು ಕಲ್ಸಿದ್ದು ನಿಮ್ ಸೊಸೆಗೆ? ನೀವೇಯಾ?" ಅಂದ. "ಮತ್ತಿನ್ಯಾರು?" ಅಂದೆ. ಆಮೇಲೆ ಅವನನ್ನು ವಾಪಸು ಕರೆದು, "ಇಲ್ಲ ಕಣೋ, ಅವಳೇ ಕಲಿತುಕೊಂಡು ಬಂದದ್ದು," ಅಂದೆ. ಸುಳ್ಳು ಯಾಕೆ?

ಜನವರಿ 9, ಶುಕ್ರವಾರ

ಪುಟ್ಟಮಲ್ಲಪ್ಪನವರ ಫೋನ್. ಹದಿನೆಂಟಕ್ಕೆ ಅವರ ಮದುವೆಯಾಗಿ ಐವತ್ತು ವರ್ಷ. ಮೊಮ್ಮಕ್ಕಳು ಕೇಕ್ ಕೊಯ್ಯಿಸಲೇಬೇಕು ಅನ್ನುತ್ತಿದ್ದಾರಂತೆ. "ನಮ್ ಗೆಣ್ಸಿಂದೇ ಆಗ್ಬೇಕು ಸಾಬ್ರೇ. ಮೊಟ್ಟೆ ಮಾತ್ರ ಇರಂಗಿಲ್ಲ ಕಣ." ಒಪ್ಪಿಕೊಂಡೆ.

ನೊರೈದಾ ತಲೆಮೇಲೆ ಕೈಹೊತ್ತಳು. "ಅಬ್ಬಾ, ಈ ಕೇಕು ನಿಂತಿರೋದೇ ಮೊಟ್ಟೆ ಮೇಲೆ!"

"ಮೂವತ್ತು ವರ್ಷದಿಂದ ಮೊಟ್ಟೆಯಿಲ್ಲದೆ ನಿಲ್ಲಿಸಿದ್ದೀನಿ. ಮೊಸರು ತಾ," ಅಂದೆ. "ಅಟ್ಟದಿಂದ ಸೋಡಾನೂ ತಾ."

"ಸೋಡಾ ಇಲ್ಲ."

"ಹುಳಿ ಮೊಸರಿನ ಜೊತೆ ಸೋಡಾ ಸೇರಿದರೇನೇ ಏಳೋದು."

"ಹಸಿರಾಗುತ್ತೆ."

"ಕಮ್ಮಿ ಹಾಕೋಣ."

"ನಾನು ಅಳೀತೀನಿ. ನೀವು ಕೈ ಹಿಂದೆ ಕಟ್ಟಿಕೊಂಡು ನಿಲ್ಲಿ."

ನಿಂತೆ. ನನ್ನ ಬೇಕರಿಯಲ್ಲಿ ನಾನು ಕೈ ಹಿಂದೆ ಕಟ್ಟಿಕೊಂಡು ನಿಂತೆ, ಹಫೀಜಾ ಬಾಗಿಲಲ್ಲಿ ನಿಂತು ನಕ್ಕಳು. ಮೊದಲನೆಯದು ಇಟ್ಟಿಗೆಯಾಯಿತು. ಎರಡನೆಯದು ಬೂದಿಬಣ್ಣ. ಮೂರನೆಯದಕ್ಕೆ ಎರಡು ದಿನದ ಹುಳಿ ಮೊಸರು, ನಿಂಬೆರಸದ ನಾಲ್ಕು ಹನಿ, ಕಾಲು ಚಮಚದಷ್ಟು ಸೋಡಾ. ನೇರಳೆಯೂ ಹೌದು, ಮೆತ್ತಗೂ ಹೌದು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅರ್ಧ ಅವಳದು, ಅರ್ಧ ನನ್ನದು.

ಕೈಯ ವ್ಯಾಯಾಮ ಈ ವಾರ ಮರೆತೇ ಹೋಯಿತು.

ಜನವರಿ 18, ಭಾನುವಾರ

ಉಡಿಗಾಲಕ್ಕೆ ನಾವೆಲ್ಲ ಹೋದೆವು. ಫೈಸಲ್ ಕಾರು ಓಡಿಸಿದ, ಸೊಸೆ ಕೇಕಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ತೆರಕಣಾಂಬಿ ದಾಟುವವರೆಗೆ ಉಸಿರು ಬಿಡಲಿಲ್ಲ.

ಅಂಗಳದಲ್ಲಿ ಶಾಮಿಯಾನ. ಮುದುಕ ಮುದುಕಿ ಹೊಸ ಬಟ್ಟೆಯಲ್ಲಿ ನಾಚಿಕೊಂಡು ಕೂತಿದ್ದರು. ಚಾಕು ಹಿಡಿಯುವ ಮೊದಲು ಅವರ ಹೆಂಡತಿ ಪುಟ್ಟಮಲ್ಲಮ್ಮನವರು ನನ್ನ ಕಡೆ ನೋಡಿದರು. "ಪಾತ್ರೆ ಬೇರೆ, ಅಚ್ಚು ಬೇರೆ, ಮೊಟ್ಟೆ ನೆರಳೂ ಬಿದ್ದಿಲ್ಲ, ತಾಯಿ," ಅಂದೆ. ಕೊಯ್ದರು. ಒಂದು ಚೂರು ಬಾಯಿಗಿಟ್ಟುಕೊಂಡು ನಿಧಾನವಾಗಿ ಚಪ್ಪರಿಸಿದರು. ಎಲ್ಲರೂ ಕಾಯುತ್ತಿದ್ದೇವೆ.

"ಇದು ನಮ್ ಬೇಲಿ ಗೆಣ್ಸಾ?" ಅಂದರು ಗಂಡನಿಗೆ. "ಇಷ್ಟ್ ವರ್ಸ ಬರೀ ಬೇಯ್ಸಿ ಬೇಯ್ಸಿ ಆಕ್ಸುಬುಟ್ರಲ್ಲ ನನ್ ಕೈಲಿ!"

ಅಂಗಳವೆಲ್ಲ ನಕ್ಕಿತು. ಆಮೇಲೆ ಸೊಸೆಯನ್ನು ಹತ್ತಿರ ಕರೆದು, ಮುಡಿದಿದ್ದ ಹೂವಿನಲ್ಲಿ ಅರ್ಧ ತೆಗೆದು ಕೊಟ್ಟರು. "ಎಲ್ಲೀವಳಾದ್ರೇನು, ಕೈ ಒಳ್ಳೇದು ಕಣಮ್ಮಿ ನಿಂದು. ಇಲ್ಲೇ ಇರ್ತೀಯೆ ತಾನೆ?"

ಫೈಸಲ್ ಅದನ್ನು ಉರ್ದುವಿನಲ್ಲಿ ಹೇಳಿದ, ಅವಳು ನಕ್ಕಳು. ಹೂವನ್ನು ಕೈಯಲ್ಲೇ ಹಿಡಿದು ಕಾರು ಹತ್ತಿದಳು. ದಾರಿಯುದ್ದಕ್ಕೂ ಫಾಯಿಜಾ ಅವಳ ತೋಳಿನ ಮೇಲೆ ಮಲಗಿದ್ದಳು, ಅವಳು ಕಿಟಕಿಯಾಚೆ ನೋಡುತ್ತಿದ್ದಳು.

ಅವಳು ಹೋಗುವುದಿಲ್ಲ. ಇಷ್ಟೆಲ್ಲ ಆದಮೇಲೆ ಯಾರು ಹೋಗುತ್ತಾರೆ? ನಾನು ಕೇಳಿಲ್ಲ, ಕೇಳಬೇಕಾಗಿಯೂ ಇಲ್ಲ.

ಜನವರಿ 23, ಶುಕ್ರವಾರ

ಸೊಸೆ ಸೂಟ್‌ಕೇಸ್ ಕೆಳಗಿಳಿಸಿದ್ದಾಳೆ. ಹಫೀಜಾ ಅದರ ಧೂಳು ಒರೆಸುತ್ತಿದ್ದಳು. "ಏನು ಮಾಡ್ತಿದ್ದೀಯ?" ಅಂತ ಗದರಿದೆ. "ಯಾರೂ ಇರು ಅನ್ನಲಿಲ್ಲ. ಅವಳಾದರೂ ಏನು ಮಾಡ್ತಾಳೆ?" ಅಂದಳು.

ಜನವರಿ 24, ಶನಿವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಸಂಜೆ ನಾಲ್ಕಕ್ಕೆ ಸೊಸೆ ಭಟ್ಟಿಯ ಮುಂದೆ ಅಚ್ಚುಗಳನ್ನು ತೊಳೆದು ಬೋರಲು ಹಾಕುತ್ತಿದ್ದಳು, ಇನ್ನು ಯಾರಿಗೂ ಬೇಡ ಎಂಬಂತೆ ಒಂದರೊಳಗೊಂದು. ನಾನು ಕುರ್ಚಿಯಲ್ಲಿದ್ದೆ.

"ಹೋಗಬೇಡ," ಅಂದೆ.

"ಯಾಕೆ ಅಬ್ಬಾ? ಯುಗಾದಿಗೆ ನಿಮ್ಮ ಕೈ ಸರಿಹೋಗುತ್ತಲ್ಲ? ಆಮೇಲೆ ಇಲ್ಲಿ ನನಗೇನು ಕೆಲಸ?" ವ್ಯಂಗ್ಯವಿರಲಿಲ್ಲ. ನಾನು ದಿನಾ ಹೇಳಿದ್ದನ್ನೇ ಹೇಳಿದಳು.

"ಕೈ ಬರಲ್ಲ," ಅಂದೆ.

ಹೇಳಿದ ಮೇಲೆ ನನಗೇ ಕೇಳಿಸಿತು. ಡಿಸೆಂಬರ್ ಹದಿಮೂರಕ್ಕೆ ಶಶಿಕುಮಾರ ಹೇಳಿದ್ದು ಅದನ್ನೇ: ಸಾರ್, ಊಟಕ್ಕೆ, ಗುಂಡಿ ಹಾಕಿಕೊಳ್ಳಲು ಈ ಕೈ ಸಾಕು, ಬೇಕರಿಯ ಕೆಲಸಕ್ಕೆ ಆಗುವುದಿಲ್ಲ. ಅದನ್ನು ಇಲ್ಲಿ ಬರೆದಿರಲಿಲ್ಲ. ಇನ್ನೊಂದನ್ನೂ ಬರೆದಿರಲಿಲ್ಲ: ಈ ಪುಟಗಳಲ್ಲಿ ಅರ್ಧ ಎಡಗೈಯಲ್ಲಿ ಬರೆದದ್ದು.

ಅವಳು ಅಚ್ಚು ಕೆಳಗಿಟ್ಟು ಬಂದು ನನ್ನ ಮುಂದೆ ನೆಲದ ಮೇಲೆ ಕೂತಳು. ನನ್ನ ಬಲಗೈಯನ್ನು ಎತ್ತಿಕೊಂಡು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. "ಯಾರಿಗೆಲ್ಲ ಗೊತ್ತು?"

"ನಿನಗೆ."

ಅವುಗಳನ್ನು ಮತ್ತೆ ಒಂದೊಂದಾಗಿ ಮಡಿಸಿದಳು. ಆಮೇಲೆ ಅಂದಳು, "ನಿಮ್ಮ ಕೈಗೆ ಬದಲಿ ಅಂತ ನಾನು ನಿಲ್ಲಲ್ಲ, ಅಬ್ಬಾ. ನನಗೆ ಎರಡು ಕೈ ಇವೆ, ಅವು ನನ್ನವು. ನಿಂತರೆ ಭಟ್ಟಿ ನನ್ನದು. ಏನು ಬೇಯಿಸಬೇಕು, ಹೇಗೆ ಬೇಯಿಸಬೇಕು, ನಾನು ಹೇಳಿದ್ದು ನಡೀಬೇಕು. ನೀವು ಬೆಂಕಿ ನೋಡಿ. ಆಗುತ್ತಾ?"

ಮೂವತ್ತೆಂಟು ವರ್ಷದಲ್ಲಿ ನನ್ನ ಭಟ್ಟಿಯ ಮುಂದೆ ಯಾರೂ ಹೀಗೆ ಮಾತಾಡಿರಲಿಲ್ಲ. ಸಿಟ್ಟು ಬರುತ್ತದೆಂದು ಕಾದೆ, ಬರಲಿಲ್ಲ.

"ಬನ್ನು ಮಾತ್ರ ನನ್ನ ಥರ ಇರಲಿ," ಅಂದೆ.

"ಬನ್ನಿಗೆ ಸಕ್ಕರೆ ಜಾಸ್ತಿ ಹಾಕ್ತೀರಿ."

"ನೋಡೋಣ."

"ಈಗಲೇ ಹೇಳಿ."

"ಕಮ್ಮಿ ಮಾಡು," ಅಂದೆ.

ಜನವರಿ 31, ಶನಿವಾರ

ಬರುವುದಿಲ್ಲ ಅಂತ ಹೋಟೆಲಿಗೆ ಬರೆದಳು. ಸೂಟ್‌ಕೇಸಿನಲ್ಲಿ ಹಫೀಜಾ ಚಳಿಗಾಲದ ರಗ್ಗು ತುಂಬಿದಳು. ವ್ಯಾನಿನವನಿಗೆ ನಾಳೆಯಿಂದ ಬನ್ನು ಬೇಡ ಅಂತ ಫೈಸಲ್ ಹೇಳಿದ.

ಫೆಬ್ರವರಿ 9, ಸೋಮವಾರ

ಹತ್ತು ದಿನದಿಂದ ಬರೆಯಲು ಬಿಡುವಿಲ್ಲ. ಬೆಳಿಗ್ಗೆ ಐದಕ್ಕೆ ಭಟ್ಟಿ, ಒಂಬತ್ತಕ್ಕೆ ಬನ್ನು, ಮಧ್ಯಾಹ್ನ ಉಬೆ. ಮದ್ದೂರಿನ ಕಡೆಯಿಂದಲೂ ಕೇಕು ಕೇಳಿಕೊಂಡು ಬರುತ್ತಾರೆ. ಮುಂದಿನ ಬಾರಿಗೆ ಅರ್ಧ ಎಕರೆ ಹೆಗ್ಗೆಣಸು ನೆಡುತ್ತೇನೆ ಅಂತ ಪುಟ್ಟಮಲ್ಲಪ್ಪನವರು ಬೇಲಿಯ ಗೆಣಸಿನ ಚೀಲಗಳ ಜೊತೆ ಹೇಳಿ ಕಳಿಸಿದ್ದಾರೆ.

ಇವತ್ತು ನೊರೈದಾಳ ತಾಯಿ ವಿಡಿಯೋ ಕಾಲ್ ಮಾಡಿದ್ದರು. ಇವಳ ಎರಡೂ ಕೈ ಹಿಟ್ಟಿನಲ್ಲಿದ್ದುದರಿಂದ ಫೋನನ್ನು ನಾನು ಎಡಗೈಯಲ್ಲಿ ಹಿಡಿದು ನಿಂತೆ. ಭಟ್ಟಿ ತೋರಿಸಿದೆ, ಅಚ್ಚು ತೋರಿಸಿದೆ, ಕೊಯ್ದ ಕೇಕಿನ ಒಳಮೈ ತೋರಿಸಿದೆ. ಅವರಿಗೆ ನನ್ನ ಮಾತು ತಿಳಿಯದು, ನನಗೆ ಅವರದು ತಿಳಿಯದು. ಆದರೂ ನಿಮ್ಮ ಮಗಳ ಕೈ ಎಂಥದ್ದು ಅಂತ ಸುಮಾರು ಹೊತ್ತು ಹೇಳಿದೆ. ಸೆರಗಿನಂಥದ್ದರಿಂದ ಕಣ್ಣೊರೆಸಿಕೊಂಡು ಅವರೂ ಏನೋ ಕೇಳಿದರು. ಸೊಸೆ ಬಿದ್ದು ಬಿದ್ದು ನಕ್ಕಳು.

"ಏನಂತಾರೆ?"

"ಬೇಡ ಅಬ್ಬಾ, ಹೇಳಲ್ಲ."

"ಹೇಳು."

"ಬೆಳಕು ಸಾಲದೆ ನಿಮ್ಮ ಗುರುತು ಸಿಕ್ಕಿಲ್ಲ ಅವರಿಗೆ. ನಿನ್ನ ಬೇಕರಿಯ ಹೊಸ ಕೆಲಸಗಾರನಿಗೆ ವಯಸ್ಸಾಯ್ತಲ್ಲ, ಅವನ ಕೈಲಿ ಕೆಲಸ ಆಗುತ್ತಾ ಅಂತ ಕೇಳ್ತಾರೆ."

ನಾನು ಫೋನನ್ನು ಮುಖದ ಹತ್ತಿರ ತಂದುಕೊಂಡು, ಅವರನ್ನು ನೋಡುತ್ತಾ ಅಂದೆ:

"ಕಲೀತಾ ಇದ್ದಾನೆ ಅಂತ ಹೇಳು. ಚುರುಕಾಗಿದ್ದಾನೆ, ಬೇಗ ಕಲೀತಾನೆ."